ಶುಕ್ರವಾರದ ಸೀಗೆಪುಡಿ

ಇದನ್ನು ಓದಿ ಯಾರೂ ನನ್ನನ್ನು ಕ್ಷಮಿಸಬೇಕಾಗಿಲ್ಲ. ಸಣ್ಣ ವಯಸ್ಸಿನ ಸಂಗತಿ, ಬಿಟ್ಟುಹಾಕು ಎಂದು ತಂಗಿ ಗಿರಿಜೆ ಈಗಲೂ ಹೇಳುತ್ತಾಳೆ. ಅವಳಿಗೆ ಗೊತ್ತಿರುವುದು ಅರ್ಧ. ಹದಿಮೂರು ವರ್ಷದ ಹುಡುಗನಿಗೆ ತಾನು ಮಾಡುತ್ತಿರುವುದೇನೆಂದು ತಿಳಿಯುವುದಿಲ್ಲ ಎನ್ನುವವರು ತಮ್ಮ ಹದಿಮೂರನೆಯ ವರ್ಷವನ್ನು ಮರೆತವರು. ನನಗೆ ತಿಳಿದಿತ್ತು. ನಮ್ಮ ಮನೆಯಲ್ಲಿ ಏನೇನು ಬೇಯುತ್ತಿತ್ತು, ಏನೇನು ಒಣಗಿಸಿ ಕುಟ್ಟಿ ಡಬ್ಬಿಗೆ ತುಂಬುತ್ತಿದ್ದರು, ಅದರಲ್ಲಿ ನಾನು ಏನು ಬೆರೆಸಿದೆ ಎಂಬುದನ್ನು ಇದ್ದ ಹಾಗೆ ಬರೆಯುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ, ಇದಕ್ಕೆ ಅಷ್ಟು ಸಾಕು.

ಸೌಕಾರ್‌ಪೇಟೆಯ ಒಂದು ಸಂದಿಯಲ್ಲಿ ನಮ್ಮ ಮನೆ. ಮುಂದೆ ಜವಳಿ ಗೋದಾಮು, ಹಿಂದೆ ಅಂಗಳ, ಅಂಗಳದ ಸುತ್ತ ಏಳು ಸಂಸಾರ. ಇಂಥ ವಠಾರಕ್ಕೆ ಮದರಾಸಿನಲ್ಲಿ ಸ್ಟೋರ್ ಎನ್ನುತ್ತಿದ್ದರು. ಏಳು ಮನೆಗೂ ಒಂದೇ ಕೊಳಾಯಿ, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು, ಆಚೆ ತಗಡಿನ ಬಾಗಿಲಿನ ಬಚ್ಚಲು. ನಮ್ಮ ಪಾಲಿಗೆ ಒಂದು ಕೋಣೆ, ಬೆನ್ನ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಎದುರಿಗೆ ಇಬ್ಬರು ಮಲಗುವಷ್ಟು ಜಗಲಿ. ಅಪ್ಪಯ್ಯ ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಹೋಟೆಲಿನಲ್ಲಿ ಅಡುಗೆಯ ಭಟ್ಟರು. ಕೋಟದ ಕಡೆಯಿಂದ ಬಂದವರು ನಾವು. ಆದರೆ ಹೋಟೆಲಿನವರೆಲ್ಲ ಉಡುಪಿಯವರೇ ಎಂಬುದು ಮದರಾಸಿನವರ ಲೆಕ್ಕ. ಎದುರು ಮನೆಯ ರುಕ್ಮಿಣಿ ಮಾಮಿ ಅಮ್ಮನನ್ನು ಕರೆಯುತ್ತಿದ್ದದ್ದೇ ಉಡುಪಿ ಮಾಮಿ ಎಂದು. ಅಮ್ಮ ಪ್ರತಿ ಸಲವೂ ತನ್ನ ಹರಕು ತಮಿಳಿನಲ್ಲಿ ತಿದ್ದುತ್ತಿದ್ದಳು.

"ನಾಂಗ ಉಡುಪಿ ಇಲ್ಲೆ ಮಾಮಿ, ಕೋಟ."

"ಎಲ್ಲಾಂ ಒಣ್ಣುದಾನ್," ಎಂದು ಮಾಮಿ ನಗುತ್ತಿದ್ದರು. ಎಲ್ಲ ಒಂದೇ ಎಂದು.

"ಒಂದೇ ಅಂಬ್ರ್," ಎಂದು ಅಮ್ಮ ಒಳಗೆ ಬಂದು ನಮ್ಮ ಮುಂದೆ ಗೊಣಗುತ್ತಿದ್ದಳು. "ಇವ್ರಿಗೆ ಮೈಲಾಪುರವೂ ಮಧುರೆಯೂ ಒಂದೇ ಅಂದ್ರೆ ಸುಮ್ನಿರ್ತ್ರಾ ಕೇಣ್."

ಅಮ್ಮ ಯಾರಿಗೂ ಸುಮ್ಮನೆ ತಲೆಬಾಗಿದವಳಲ್ಲ. ಅವಳ ಹಟವೆಲ್ಲ ಅಡುಗೆಮನೆಯಲ್ಲಿತ್ತು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಅದಕ್ಕೊಂದು ಚಟ್ನಿ. ಮಧ್ಯಾಹ್ನ ಅನ್ನ, ಒಂದು ಸಾರು, ಒಂದು ತಂಬುಳಿ. ದೊಡ್ಡಪತ್ರೆ ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು, ಚೂರು ತೆಂಗಿನಕಾಯಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಕಿದರೆ ತಂಬುಳಿ ಮುಗಿಯಿತು. ಕುದಿಸುವ ಕೆಲಸವಿಲ್ಲ, ಸೌದೆಯ ಖರ್ಚಿಲ್ಲ. ತಾರಸಿಯ ಮೇಲೆ ಒಡೆದ ಕೊಡದಲ್ಲಿ ಬಸಳೆ, ಸೀಮೆಎಣ್ಣೆಯ ಹಳೆ ಡಬ್ಬದಲ್ಲಿ ಒಂದೆಲಗ. ಹೀರೆಕಾಯಿಯ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಬೇಸಿಗೆಯಲ್ಲಿ ಕಲ್ಲಂಗಡಿ ಹಣ್ಣಿನ ಕೆಂಪು ನಮಗೆ, ಅದರಡಿಯ ಬಿಳಿ ಭಾಗ ಮರುದಿನದ ದೋಸೆ ಹಿಟ್ಟಿಗೆ. ರುಕ್ಮಿಣಿ ಮಾಮಿ ಹೀರೆಕಾಯಿ ಹೆಚ್ಚುವುದು ಕಂಡರೆ ಸಾಕು, ಅಮ್ಮ ನನ್ನ ಕೈಗೆ ತಟ್ಟೆ ಕೊಟ್ಟು ಸಿಪ್ಪೆ ಇಸಿದುಕೊಂಡು ಬರಲು ಕಳಿಸುತ್ತಿದ್ದಳು. ಎದುರು ಮನೆಯವರ ಕಸವನ್ನು ತಟ್ಟೆಯಲ್ಲಿಟ್ಟುಕೊಂಡು ಅಂಗಳ ದಾಟುವಾಗ ನನ್ನ ಕಿವಿ ಬಿಸಿಯಾಗುತ್ತಿತ್ತು. ಒಂದು ಗಂಟೆಯ ನಂತರ ಅದೇ ಸಿಪ್ಪೆಯ ಚಟ್ನಿಯನ್ನು ಅದೇ ತಟ್ಟೆಯಲ್ಲಿ ವಾಪಸು ಒಯ್ಯಬೇಕು. ಅವರು ಚಪ್ಪರಿಸಿ ತಿನ್ನುತ್ತಿದ್ದರು ಎಂಬುದು ಆಗ ನನಗೆ ಸಮಾಧಾನ ಕೊಡಲಿಲ್ಲ.

ಅಂಗಡಿಯ ಡಬ್ಬಿಗಳಿಗೆ ನಮ್ಮ ಮನೆಯಲ್ಲಿ ಪ್ರವೇಶವಿರಲಿಲ್ಲ. ಹಲ್ಲುಜ್ಜಲು ಭತ್ತದ ಹೊಟ್ಟು ಸುಟ್ಟ ಕರಿ, ಅದಕ್ಕೆ ಉಪ್ಪು, ಎರಡು ಲವಂಗ. ಪಾತ್ರೆಗೆ ಒಲೆಯ ಬೂದಿ ಮತ್ತು ಹಿಂಡಿದ ಹುಣಸೆಹಣ್ಣಿನ ಚರಟ. ರೇಷ್ಮೆಗೆ ಅಂಟುವಾಳ. ಅಪ್ಪಯ್ಯನ ಪಂಚೆ ಮತ್ತು ನನ್ನ ಶಾಲೆಯ ಅಂಗಿಗೆ ಗಂಜಿಯ ತಿಳಿಯಲ್ಲೇ ಇಸ್ತ್ರಿಯ ಬಿಗಿ. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ. ಈ ಸೀಗೆಪುಡಿಯೇ ಅವಳ ಕೀರ್ತಿ. ಸೀಗೆಕಾಯಿ, ಮೆಂತ್ಯ, ಹೆಸರುಕಾಳು, ನೆರಳಿನಲ್ಲಿ ಒಣಗಿಸಿದ ದಾಸವಾಳದ ಎಲೆ, ಕಿತ್ತಳೆ ಸಿಪ್ಪೆ. ಯಾವುದು ಎಷ್ಟು ಎಂಬುದು ಅವಳ ಕೈಗೆ ಮಾತ್ರ ಗೊತ್ತಿತ್ತು. ಶುಕ್ರವಾರ ಹೆಂಗಸರ ಎಣ್ಣೆಸ್ನಾನದ ದಿನ. ಅದಕ್ಕೆ ಗುರುವಾರ ಸಂಜೆಯೇ ಉಳಿದ ಆರೂ ಮನೆಗೆ ಒಂದೊಂದು ಬಟ್ಟಲು ಪುಡಿ ನಮ್ಮ ಮನೆಯಿಂದ ಹೋಗುತ್ತಿತ್ತು. ಬದಲಿಗೆ ಏನನ್ನೂ ಅವಳು ಕೇಳುತ್ತಿರಲಿಲ್ಲ. ಶುಕ್ರವಾರ ಹತ್ತು ಗಂಟೆಗೆ ಇಡೀ ಸ್ಟೋರಿನ ಹೆಂಗಸರು ಬಿಸಿಲಲ್ಲಿ ಕೂತು ಕೂದಲು ಬಿಡಿಸಿಕೊಳ್ಳುವಾಗ ಅಂಗಳವೆಲ್ಲ ಒಂದೇ ಪರಿಮಳ. ಅಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡುವ ಬಗೆಯೇ ಬೇರೆ. ಅಷ್ಟು ಜನರ ತಲೆ ತನ್ನ ಜವಾಬ್ದಾರಿ ಎಂಬಂತೆ ಒಂದೊಂದನ್ನೇ ನೋಡುತ್ತಿದ್ದಳು.

ಅಪ್ಪಯ್ಯನೊಡನೆ ಅವಳ ಜಗಳವೆಲ್ಲ ಸೋಡಾದ ಮೇಲೆ. ಹೋಟೆಲಿನಲ್ಲಿ ಬೇಳೆ ಬೇಗ ಬೇಯಲು ಅಡುಗೆ ಸೋಡಾ, ದೊಡ್ಡ ಪಾತ್ರೆಗಳ ಜಿಡ್ಡು ಬಿಡಿಸಲು ತೊಳೆಯುವ ಸೋಡಾ. ಸಂಜೆ ಹೋಟೆಲಿನವರು ಕೊಟ್ಟ ಸಾಂಬಾರನ್ನೋ ಬೋಂಡಾವನ್ನೋ ಅಪ್ಪಯ್ಯ ಕ್ಯಾರಿಯರಿನಲ್ಲಿ ತಂದರೆ ಅವಳು ಮುಚ್ಚಳವನ್ನೂ ತೆರೆಯುತ್ತಿರಲಿಲ್ಲ.

"ಹೋಟ್ಲದ್ದ್ ಹೋಟ್ಲಂಗೇ ಇರ್ಲಿ. ಸೋಡಾ ಹಾಕ್ರೆ ಬ್ಯಾಳಿ ಬೇಗ ಕರಗತ್ತ್, ತಿಂದವ್ರ ಕರುಳೂ ಹಾಂಗೇ."

"ಅಲ್ಲ ಮಾರಾಯ್ತಿ, ಅಲ್ಲಿ ನೂರ್ ಜನ ಕಾಯ್ತಾ ಇರ್ತ್ರ್. ಬ್ಯಾಳಿ ತನ್ನಷ್ಟಕ್ಕೆ ಬೇಯ್ಲಿ ಅಂದೇಳಿ ನಾ ತಾಳ ಕುಟ್ಟೂಕ್ ಆತ್ತಾ?"

"ಕುಟ್ಟಿ. ಕಾದ್ರೆ ಯಾರೂ ಸಾಯ್ತಿಲ್ಲ."

ಕ್ಯಾರಿಯರು ಹಾಗೆಯೇ ಗೋದಾಮಿನ ಕೂಲಿಗಳಿಗೆ ಹೋಗುತ್ತಿತ್ತು. ಅಪ್ಪಯ್ಯನಿಗೆ ಬೇಸರವಿರಲಿಲ್ಲ, ಇಡೀ ದಿನ ಎಣ್ಣೆಯ ಬಾಣಲೆಯ ಮುಂದೆ ನಿಂತವರಿಗೆ ಮನೆಯ ಗಂಜಿಯೇ ಅಮೃತ. ರಜೆಯ ದಿನ ಮಧ್ಯಾಹ್ನ ಅವರಿಗೆ ನಾನು ಹಿಡಿಕೆಯ ತೂಕುಪಾತ್ರೆಯಲ್ಲಿ ಗಂಜಿ ಒಯ್ಯುತ್ತಿದ್ದೆ. ಊರಿಗೆಲ್ಲ ಊಟ ಬಡಿಸುವ ಹೋಟೆಲಿನ ಹಿತ್ತಿಲಲ್ಲಿ, ಪಾತ್ರೆ ತೊಳೆಯುವವರ ಪಕ್ಕ ಕುಕ್ಕರಗಾಲಲ್ಲಿ ಕೂತು ನಮ್ಮ ಅಪ್ಪಯ್ಯ ಮನೆಯ ಗಂಜಿ ಕುಡಿಯುತ್ತಿದ್ದರು. ಒಳಗಿನಿಂದ ಬರುವ ತುಪ್ಪದ ದೋಸೆಯ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಇವರಿಗೆ ಬುದ್ಧಿ ಇಲ್ಲ ಎಂದು ನಾನು ತೀರ್ಮಾನಿಸಿದ್ದೆ.

ನನ್ನನ್ನು ಶಾಲೆಯಲ್ಲಿ ಸೀಯಕ್ಕಾ ಎಂದು ಕರೆಯುತ್ತಿದ್ದರು. ತಮಿಳಿನಲ್ಲಿ ಸೀಗೆಕಾಯಿ ಎಂದು, ತಲೆಯ ವಾಸನೆಯಿಂದ ಬಂದ ಹೆಸರು. ವಸಡಿನ ಸಂದಿಯಲ್ಲಿ ಉಳಿದ ಕರಿಗೆರೆಯನ್ನು ತೋರಿಸಿ ಇದ್ದಿಲು ತಿನ್ನುತ್ತಾನೆ ಎನ್ನುತ್ತಿದ್ದರು. ಶಾಲೆಯ ಭಾಷೆ ತಮಿಳು. ಸಿಟ್ಟು ಬಂದಾಗ ಮನೆಯಲ್ಲೂ ನನಗೆ ಅದೇ ಬರುತ್ತಿತ್ತು.

"ಎನಕ್ಕು ಸೋಪ್ ವೇಣುಂ," ಎಂದೆ ಒಂದು ದಿನ. ನನಗೆ ಸೋಪು ಬೇಕು.

"ಎಂತಕ್ಕೆ? ನಿನ್ ಮೈ ಎಂತ ಅಂಗಡಿಯಿಂದ ತಂದದ್ದಾ?"

"ಎಲ್ಲಾರುಂ ಸಿರಿಕ್ಕಿರಾಂಗ." ಎಲ್ಲರೂ ನಗುತ್ತಾರೆ.

"ನಗ್ಲಿ. ನಗ್ವತಿಗೆ ಅವ್ರ ಬಾಯಿ ಕಾಣ್. ಎಷ್ಟ್ ಜನಕ್ಕೆ ಹುಳುಕ್ ಹಲ್ಲ್ ಇತ್ತ್ ಅಂತ ಎಣ್ಸ್ಕಂಡ್ ಬಾ, ಕಡಿಗೆ ಸೋಪಿನ್ ಮಾತ್ ಆಡ್ವ."

ನಾನು ಎರಡು ದಿನ ಊಟ ಬಿಟ್ಟೆ. ಅವಳು ಒಮ್ಮೆಯೂ ಕರೆಯಲಿಲ್ಲ. ಮೂರನೆಯ ದಿನ ನಾನೇ ಹೋಗಿ ಕೂತೆ. ಸೋಲು ಯಾರದ್ದು ಎಂದು ಗಿರಿಜೆಗೂ ಗೊತ್ತಾಯಿತು. ಅವಳಿಗಾಗ ಎಂಟು ವರ್ಷ.

ಒಂದು ಮಾತು ಇಲ್ಲಿ ಹೇಳಬೇಕು. ತಿಂಗಳಿಗೆ ಮೂರು ದಿನ ಅಮ್ಮ ಹೊರಗೆ ಕೂರುತ್ತಿದ್ದಳು. ಆಗ ಅವಳು ಒಲೆಯ ಹತ್ತಿರ ಬರುವಂತಿಲ್ಲ, ಡಬ್ಬಿ ಮುಟ್ಟುವಂತಿಲ್ಲ. ಜಗಲಿಯ ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಮಡಿಯಲ್ಲಿ ಅವಳು ಬಹಳ ಕಟ್ಟುನಿಟ್ಟು. ಆ ಮೂರು ದಿನ ಗಾಳಿಯಲ್ಲಿ ಸೆರಗು ನಮ್ಮ ಕಡೆ ಹಾರದಂತೆ ಮುದುರಿ ಕೂರುತ್ತಿದ್ದಳು. ಅಪ್ಪಯ್ಯ ಬೆಳಕಿಗೆ ಮುಂಚೆ ಹೋಟೆಲಿಗೆ ಹೋಗುವುದರಿಂದ ಅಡುಗೆ ನನ್ನದು. ಮೂಲೆಯಿಂದ ಅವಳು ಹೇಳುವುದು, ಒಲೆಯ ಮುಂದೆ ನಾನು ಮಾಡುವುದು. ಅಕ್ಕಿಯ ಮೇಲೆ ಎಷ್ಟು ಬೆರಳು ನೀರು, ಒಗ್ಗರಣೆಗೆ ಸಾಸಿವೆ ಯಾವಾಗ, ಎಲ್ಲವನ್ನೂ ನಾನು ಕಲಿತದ್ದು ಅವಳ ದನಿಯಿಂದ. ಕಣ್ಣಿಗೆ ಕಾಣದಿದ್ದರೂ ವಾಸನೆಯಲ್ಲೇ ತಪ್ಪು ಹಿಡಿಯುತ್ತಿದ್ದಳು. ಆ ದಿನಗಳಲ್ಲಿ ಅವಳ ಸಂಸಾರವೆಲ್ಲ ನನ್ನ ಕೈಯಲ್ಲಿರುತ್ತಿತ್ತು. ಅವಳು ಯಾರನ್ನಾದರೂ ಪೂರ್ತಿ ನಂಬಿದ್ದರೆ ಅದು ಆ ಮೂರು ದಿನ, ನನ್ನನ್ನು.

ಆ ಸಲ ಗುರುವಾರ ಅವಳ ಎರಡನೆಯ ದಿನ. ಪುಡಿ ಮುಗಿದಿತ್ತು. ಒಣಗಿಸಿಟ್ಟ ಸೀಗೆಕಾಯಿಯನ್ನು ಮಿಷಿನ್ನಿಗೆ ಒಯ್ದು ಬೀಸಿಸಿ ತಂದು, ಸ್ನಾನ ಮಾಡಿ, ಜರಡಿ ಹಿಡಿದು ಆರೂ ಮನೆಗೆ ಕೊಡುವ ಕೆಲಸ ನನಗೆ ಬಂತು. ಸೀಗೆಕಾಯಿ ಬೀಸಿದ ಮೇಲೆ ಕಲ್ಲಿಗೆ ಘಾಟು ಹಿಡಿಯುವುದರಿಂದ ಮಿಷಿನ್ನಿನವನು ಎಲ್ಲರ ಹಿಟ್ಟು ಮುಗಿಸಿ ಕಡೆಗೆ ನಮ್ಮದನ್ನು ಹಾಕುತ್ತಿದ್ದ. ಹಾಗಾಗಿ ಕಾಯಬೇಕಾಯಿತು. ಕಾಯುತ್ತಾ ಕೂತಾಗ ನನ್ನ ಚಡ್ಡಿಯ ಜೇಬಿನಲ್ಲಿ ಕಾಗದದ ಪೊಟ್ಟಣವಿತ್ತು. ಹಿಂದಿನ ಭಾನುವಾರ ಅಪ್ಪಯ್ಯನಿಗೆ ಗಂಜಿ ಒಯ್ದಾಗ ಹೋಟೆಲಿನ ಹಿತ್ತಿಲಿನ ಡಬ್ಬದಿಂದ ತೆಗೆದುಕೊಂಡ ಸೋಡಾ ಅದು, ಪಾತ್ರೆ ತೊಳೆಯುವುದು. ನಾಲ್ಕು ದಿನದಿಂದ ಅದನ್ನು ಬಚ್ಚಿಟ್ಟುಕೊಂಡಿದ್ದೆ. ಇದು ಆ ಗಳಿಗೆಯ ಚೇಷ್ಟೆ ಎಂದು ಯಾರೂ ನನ್ನ ಪರವಾಗಿ ವಾದಿಸದಿರಲಿ ಎಂದು ಈ ನಾಲ್ಕು ದಿನದ ಮಾತು ಬರೆದೆ. ಮನೆಗೆ ಬಂದು, ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿ, ಇಡೀ ಪೊಟ್ಟಣ ಪುಡಿಗೆ ಸುರಿದು ಎರಡು ಸಲ ಜರಡಿ ಹಿಡಿದೆ. ಸೋಪಿನ ಹಾಗೆ ನೊರೆ ಬರಲಿ ಎಂದು ಹಾಕುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಸೋಡಾ ಪಾತ್ರೆ ತೊಳೆಯುವವರ ಬೆರಳಸಂದಿಯನ್ನು ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳ ಪುಡಿ ಎಲ್ಲರೆದುರು ಸೋಲಬೇಕು, ಆಮೇಲೆ ನಮ್ಮ ಮನೆಗೆ ಸೋಪು ಬರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

"ಮಾಣಿ, ನುಣ್ಣಗೆ ಬಂದಿತ್ತಾ?" ಎಂದು ಮೂಲೆಯಿಂದ ಕೇಳಿದಳು.

"ಬಂದಿತ್ತ್," ಎಂದೆ. ಅವತ್ತು ಕನ್ನಡದಲ್ಲೇ ಉತ್ತರಿಸಿದೆ.

"ರುಕ್ಮಿಣಿ ಮಾಮಿಗೆ ಎರಡ್ ಬಟ್ಲ್ ಕೊಡ್. ನಾಳೆ ಕಲ್ಯಾಣಿನ್ನ ಕಾಂಬುಕೆ ಬತ್ರ್."

ಇದು ನನಗೆ ಗೊತ್ತಿರಲಿಲ್ಲ. ಮಾಮಿಯ ಮಗಳು ಕಲ್ಯಾಣಿ ಅಕ್ಕನನ್ನು ನೋಡಲು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಮೊಣಕಾಲು ಮುಟ್ಟುವ ಕೂದಲು ಅವಳದ್ದು. ನನಗೆ ಗಣಿತ ಹೇಳಿಕೊಡುತ್ತಿದ್ದವಳು, ನನ್ನನ್ನು ಒಮ್ಮೆಯೂ ಸೀಯಕ್ಕಾ ಎನ್ನದವಳು. ಆಗಲೂ ನಿಲ್ಲಿಸಬಹುದಿತ್ತು. ಬಟ್ಟಲು ಕೈಜಾರಿತು ಎಂದು ಅಂಗಳದಲ್ಲಿ ಚೆಲ್ಲಿದ್ದರೆ ಮುಗಿಯುತ್ತಿತ್ತು. ಬಾಗಿಲವರೆಗೆ ಹೋಗಿ ಒಂದು ಗಳಿಗೆ ನಿಂತೆ. ಕಲ್ಯಾಣಿ ಅಕ್ಕ ನಗುತ್ತಾ ಬಂದು ಎರಡೂ ಬಟ್ಟಲು ತೆಗೆದುಕೊಂಡಳು.

ಮರುದಿನ ಆರು ಗಂಟೆಗೇ ಅವಳು ಬಚ್ಚಲಿಗೆ ಹೋದಳು, ಎಲ್ಲರಿಗಿಂತ ಮೊದಲು. "ಅಮ್ಮಾ, ನೊರೆ ನೋಡು, ಎಷ್ಟು ಬರ್ತಿದೆ," ಎಂದು ತಮಿಳಿನಲ್ಲಿ ಕೂಗಿದ್ದು ನಮ್ಮ ಜಗಲಿಗೆ ಕೇಳಿಸಿತು. ಚಾಪೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು. ಅವಳ ಪುಡಿಗೆ ಅಷ್ಟು ನೊರೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಉರಿ, ಕಣ್ಣು ಉರಿ ಎಂಬ ಕೂಗು. ಸೀಗೆಪುಡಿ ಕಣ್ಣಿಗೆ ಬಿದ್ದರೆ ಉರಿಯುವುದು ಇದ್ದದ್ದೇ ಎಂದು ಮೊದಲು ಯಾರೂ ಗಮನಿಸಲಿಲ್ಲ. ಆದರೆ ಏಳೂವರೆಗೆ ಅವಳ ಎರಡೂ ಕಣ್ಣು ಊದಿ ಕೆಂಪಾಗಿದ್ದವು, ಹಣೆಯ ಅಂಚಿನಲ್ಲಿ ಸುಟ್ಟಂತೆ ಗೆರೆ. ಹಾಲು ಹಾಕಿದರು, ಎದೆಹಾಲು ತಂದು ಬಿಟ್ಟರು, ಕಡಿಮೆಯಾಗಲಿಲ್ಲ. ಒಂಬತ್ತಕ್ಕೆ ಸರಿಯಾಗಿ ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ಹೊಸಿಲಲ್ಲೇ ಕಲ್ಯಾಣಿ ಅಕ್ಕನ ಮುಖ ಕಂಡು, "ಮೆಡ್ರಾಸ್ ಐ," ಎಂದು ಸೆರಗನ್ನು ಮೂಗಿಗೆ ಹಿಡಿದು ಹಿಂದೆ ಸರಿದರು. ಅದು ಊರಲ್ಲೆಲ್ಲ ಹಬ್ಬುವ ಕಣ್ಣುಬೇನೆಯ ಹೆಸರು. ಅಲ್ಲ, ಇದು ಸೀಗೆಪುಡಿಯಿಂದ ಎಂದು ಮಾಮಿ ಎಷ್ಟು ಹೇಳಿದರೂ ಅವರು ಕೂರಲಿಲ್ಲ, ಕಾಫಿ ಮುಟ್ಟಲಿಲ್ಲ. ಇನ್ನೊಂದು ದಿನ ಬರುತ್ತೇವೆ ಎಂದು ಹೊರಟವರು ಮತ್ತೆ ಬರಲೇ ಇಲ್ಲ.

ನಾನು ಶಾಲೆಗೆ ಹೊರಟು ಜಗಲಿಯ ಮೆಟ್ಟಿಲ ಮೇಲಿದ್ದೆ. ರುಕ್ಮಿಣಿ ಮಾಮಿ ಬಟ್ಟಲು ಹಿಡಿದು ಅಂಗಳ ದಾಟಿ ಬಂದರು. ಹಿಂದೆಯೇ ಉಳಿದ ಮನೆಗಳ ಹೆಂಗಸರು.

"ಇದರಲ್ಲಿ ಏನು ಹಾಕಿದ್ದೀರಿ ಮಾಮಿ?"

ಅಮ್ಮ ಮೂಲೆಯಲ್ಲಿ ಎದ್ದು ನಿಂತಳು. ಸಿಟ್ಟಿನಲ್ಲಿ ಕನ್ನಡವೇ ಬಂತು, ಮಾಮಿಗೆ ಅದು ಅಷ್ಟಿಷ್ಟು ಅರ್ಥವಾಗುತ್ತಿತ್ತು. "ಯಾವಾಗ್ಲೂ ಹಾಕುದನ್ನೇ. ನನ್ ಪುಡಿಯಿಂದ ಹಾಂಗ್ ಆತಿಲ್ಲ."

"ನನ್ನ ಮಗಳ ಕಣ್ಣು ನೋಡಿ ಬಂದು ಹೇಳಿ."

"ನಂಗ್ ಕಾಂಬುದ್ ಬೇಡ. ಹದಿನಾಲ್ಕ್ ವರ್ಷ ಇದೇ ಪುಡಿ ಹಾಕಿ ನಿಮ್ ತಲಿ ತೊಳ್ಸಿದ್ದೆ. ನನ್ ಪುಡಿ ತಿಂದ್ರೂ ಎಂತ ಆತಿಲ್ಲ. ಆ ಬಟ್ಲ್ ಕೆಳಗಿಡಿ, ಕಾಣಿ."

ಮಾಮಿ ಬಟ್ಟಲನ್ನು ನೆಲದ ಮೇಲಿಟ್ಟು ಹಿಂದೆ ಸರಿದರು. ಅಮ್ಮ ಬಾಗಿ ಒಂದು ಚಿಟಿಕೆ ತೆಗೆದು, ಎಲ್ಲರ ಮುಖವನ್ನೂ ನೋಡುತ್ತಾ ನಾಲಿಗೆಯ ಮೇಲಿಟ್ಟುಕೊಂಡಳು. ಆ ಗತ್ತು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಗಲ್ಲ ಮೇಲೆ, ಕೈ ಸೊಂಟದ ಮೇಲೆ. ಎರಡು ಕ್ಷಣ. ಮತ್ತೆ ಬಾಯಿ ನಿಂತಿತು. ಸೋಡಾದ ರುಚಿ ಆ ಅಂಗಳದಲ್ಲಿ ಅವಳಷ್ಟು ಬಲ್ಲವರಿರಲಿಲ್ಲ. ಅವಳು ಉಗುಳಲಿಲ್ಲ, ನುಂಗಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ನಾನು ಚೀಲದ ಪಟ್ಟಿಯನ್ನು ಸರಿ ಮಾಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಮಾಮಿಗೆ ಚಾಪೆ ಕಂಡಿತು, ಬೇರೆ ಚೊಂಬು ಕಂಡಿತು.

"ನೀವು ದೂರ ಕೂತಿದ್ದೀರಿ," ಎಂದರು ನಿಧಾನವಾಗಿ. "ಮುಟ್ಟಿದಿರಾ ಮಾಮಿ? ಪುಡಿಯನ್ನು ಮುಟ್ಟಿದಿರಾ?"

ಹೊರಗೆ ಕೂತವಳು ಮುಟ್ಟಿದ್ದರಿಂದ ಪುಡಿ ಕೆಟ್ಟಿದೆ. ಹೆಂಗಸರೆಲ್ಲರಿಗೂ ಆ ಕ್ಷಣವೇ ಎಲ್ಲ ಅರ್ಥವಾಗಿಬಿಟ್ಟಿತು. ಅಮ್ಮನ ಮಡಿಯನ್ನು ಬಲ್ಲ ನನಗೆ, ಈಗ ಅವಳು ಸಿಡಿಯುತ್ತಾಳೆ, ನನ್ನ ಹೆಸರು ಹೇಳುತ್ತಾಳೆ ಎನ್ನಿಸಿತು.

"ಹೌದ್," ಎಂದಳು ಅಮ್ಮ. ಮತ್ತೆ ಎಲ್ಲರಿಗೂ ತಿಳಿಯಲಿ ಎಂದು ಅವರ ಭಾಷೆಯಲ್ಲೇ, "ತಪ್ಪು ಎನ್ನೋಡದುದಾನ್." ತಪ್ಪು ನನ್ನದೇ.

ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ತಿರುಗಿ ಬೈದು ಹಗುರಾಗುತ್ತಿದ್ದಳೇನೋ. ಒಬ್ಬೊಬ್ಬರಾಗಿ ಹೋಗಿ ತಮ್ಮ ಮನೆಯ ಬಟ್ಟಲು ತಂದು ನಮ್ಮ ಮೆಟ್ಟಿಲ ಮೇಲಿಟ್ಟರು. ಆ ಶುಕ್ರವಾರದ ನಂತರ ಸ್ಟೋರಿನಲ್ಲಿ ಯಾರೂ ಅವಳ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ, ಚಟ್ನಿಯನ್ನೂ. ನಾನು ಶಾಲೆಗೆ ಹೋದೆ.

ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ. ಅದಾದ ಮೂರನೆಯ ದಿನ ಸಂಜೆ ನೋಡಿದರೆ ಬಚ್ಚಲಿನ ಗೂಡಿನಲ್ಲಿ ಹೊಸ ಸೋಪು, ಕಾಗದ ಸುತ್ತಿದ್ದು. ಪಕ್ಕದಲ್ಲಿ ಅಂಗಡಿಯ ಹಲ್ಲುಪುಡಿಯ ಡಬ್ಬಿ. ಊಟಕ್ಕೆ ಕೂತರೆ ಅಪ್ಪಯ್ಯ, ಗಿರಿಜೆ, ಅಮ್ಮನಿಗೆ ಗಂಜಿ ಮತ್ತು ಒಂದೆಲಗದ ತಂಬುಳಿ. ನನಗೆ ಸ್ವಲ್ಪ ದೂರದಲ್ಲಿ ಬಾಳೆ ಎಲೆ, ಅದರ ಮೇಲೆ ಹೋಟೆಲಿನ ಕ್ಯಾರಿಯರಿನಿಂದ ಬಂದ ಇಡ್ಲಿ, ವಡೆ, ಸಾಂಬಾರು.

"ಎಂತ ಮಾರಾಯ್ತಿ ಇದ್?" ಎಂದರು ಅಪ್ಪಯ್ಯ.

"ಮಾಣಿಗೆ ಹೋಟ್ಲದ್ದೇ ಆಯ್ಕ್ ಅಂಬ್ರ್. ನಾಳೆಯಿಂದ ದಿನಾ ತನ್ನಿ," ಎಂದಳು. ನನ್ನ ಎಲೆಯ ಮುಂದೆ ನಿಂತು, ಹೋಟೆಲಿನಲ್ಲಿ ಸಪ್ಲೈಯರು ಗಿರಾಕಿಯನ್ನು ಕೇಳುವ ಹಾಗೆ, "ಇನ್ನೆಂತ ಬೇಕ್?" ಎಂದು ಕೇಳಿದಳು.

ಆಮೇಲೆ ಎರಡು ವರ್ಷ ಅವಳು ನನ್ನೊಡನೆ ಆಡಿದ ಮಾತು ಹೆಚ್ಚುಕಡಿಮೆ ಅಷ್ಟೇ. ಬಡಿಸುತ್ತಿದ್ದಳು, ಇನ್ನೆಂತ ಬೇಕು ಎನ್ನುತ್ತಿದ್ದಳು, ಎಲೆ ತೆಗೆಯುತ್ತಿದ್ದಳು. ಸೋಪು ಮುಗಿಯುವ ಮುಂಚೆ ಹೊಸ ಸೋಪು ಬರುತ್ತಿತ್ತು. ಹೊರಗೆ ಕೂತ ದಿನಗಳಲ್ಲಿ ಒಲೆಯ ಮುಂದೆ ಎಂಟು ವರ್ಷದ ಗಿರಿಜೆಯನ್ನು ಕೂರಿಸಿ ಅವಳಿಗೆ ಹೇಳಿಕೊಡುತ್ತಿದ್ದಳು. ನಾನು ಅಡುಗೆಮನೆಗೆ ಕಾಲಿಟ್ಟರೆ ದನಿ ನಿಂತುಬಿಡುತ್ತಿತ್ತು. ಸ್ವಂತ ಮನೆಯಲ್ಲಿ ನಾನು ಗಿರಾಕಿಯಾದೆ. ಆದರೆ ಪಶ್ಚಾತ್ತಾಪದಿಂದ ಒಣಗಿಹೋದೆ ಎಂದು ತಿಳಿಯಬೇಡಿ. ನಾನು ಅವಳ ಮಗ. ನೀನು ಹೀಗಾದರೆ ನಾನೂ ಹೀಗೆ ಎಂದು ವಡೆಯ ಮೇಲೆ ವಡೆ ಹಾಕಿಸಿಕೊಂಡು ತಿಂದೆ. ಸೋಪು ಬೇಗ ಸವೆಯಲಿ ಎಂದು ಬೇಕೆಂದೇ ನೀರಿನಲ್ಲಿ ಬಿಟ್ಟೆ. ಶಾಲೆಯಲ್ಲಿ ಸೀಯಕ್ಕಾ ಎಂಬ ಹೆಸರು ಹೋಯಿತು. ಹೊಟ್ಟೆ ಕೆಟ್ಟು ವಾರಗಟ್ಟಲೆ ಒದ್ದಾಡಿದಾಗಲೂ ಒಂದು ಲೋಟ ಗಂಜಿ ಕೊಡು ಎಂದು ನಾನು ಕೇಳಲಿಲ್ಲ, ಬೇಕಾ ಎಂದು ಅವಳು ಕೇಳಲಿಲ್ಲ. ಅಪ್ಪಯ್ಯ ನಡುವೆ ಬಂದು ಬಂದು ಸುಸ್ತಾದರು. ಯಾಕೆ ಎಂದು ಅವರಿಗೆ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ರುಕ್ಮಿಣಿ ಮಾಮಿಯವರು ಮನೆ ಖಾಲಿ ಮಾಡಿದರು. ಮಾಮಿಯ ಗಂಡನಿಗೆ ತಿರುಚ್ಚಿಗೆ ವರ್ಗವಾಗಿತ್ತು. ಕಲ್ಯಾಣಿ ಅಕ್ಕನಿಗೆ ಇನ್ನೂ ಮದುವೆಯಾಗಿರಲಿಲ್ಲ. ಟೈಪಿಂಗ್ ಕಲಿತು ಪ್ಯಾರೀಸ್ ಕಾರ್ನರಿನ ಯಾವುದೋ ಕಚೇರಿಗೆ ಹೋಗುತ್ತಿದ್ದಳು. ಅದಕ್ಕೆಲ್ಲ ಆ ಶುಕ್ರವಾರವೇ ಕಾರಣ ಎನ್ನುವಷ್ಟು ದೊಡ್ಡವನು ನಾನಲ್ಲ. ಅಲ್ಲ ಎಂದು ತಪ್ಪಿಸಿಕೊಳ್ಳುವಷ್ಟು ಸಣ್ಣವನೂ ಅಲ್ಲ. ಸಾಮಾನು ಒಯ್ಯುವ ಕೈಗಾಡಿ ಬಂದು ಸಂದಿಯ ಬಾಯಲ್ಲಿ ನಿಂತಿತ್ತು. ಅವತ್ತು ಮಧ್ಯಾಹ್ನ ನನ್ನ ಎಲೆಯ ಮುಂದೆ ನಿಂತ ಅಮ್ಮ ಇನ್ನೆಂತ ಬೇಕು ಎಂದು ಕೇಳಲಿಲ್ಲ.

"ಅವ್ರ್ ಈಗ ಹೊರಡ್ತ್ರ್," ಎಂದಳು. "ಹೇಳುದಾರೆ ಇವತ್ತೇ."

"ಎಂತ ಹೇಳುದ್?"

"ನಂಗ್ ಹೇಳುದ್ ಬೇಡ. ನಂಗ್ ಗೊತ್ತಿತ್ತ್. ಅಲ್ ಹೋಯಿ ಹೇಳ್."

ನಾನು ಎದ್ದು ಕೈ ತೊಳೆದು ಅಂಗಳ ದಾಟಿದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆಂದು ಬೆನ್ನಿಗೆ ಗೊತ್ತಿತ್ತು. ಖಾಲಿ ಕೋಣೆಯಲ್ಲಿ ಕಲ್ಯಾಣಿ ಅಕ್ಕ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ಹಣೆಯ ಬೆವರು ಒರೆಸಿಕೊಂಡು ನಕ್ಕಳು.

"ಅಮ್ಮನಿಗೆ ಹೇಳು," ಎಂದಳು. "ಆ ಪುಡಿಯಂಥ ಪುಡಿ ಮತ್ತೆ ನನಗೆ ಸಿಗಲಿಲ್ಲ. ಅವತ್ತು ನನ್ನ ಗ್ರಹಚಾರ. ಅವರ ಮೇಲೆ ನನಗೆ ಕೋಪವಿಲ್ಲ, ನಮ್ಮಮ್ಮನಿಗೆ ಇರಬಹುದು."

ಬಾಯಿ ತೆರೆದೆ. ಎಷ್ಟು ಸುಲಭವಿತ್ತು; ಅವಳೇ ಬಾಗಿಲು ತೆರೆದು ಕೊಟ್ಟಿದ್ದಳು. ನನ್ನ ಬಾಯಿಂದ ಬಂದ ಮಾತು, "ಟ್ರಂಕು ಹೊರಲಾ ಅಕ್ಕಾ?" ಎಂಬುದು. ದೊಡ್ಡ ಕಬ್ಬಿಣದ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ನಡೆದೆ. ಕೈಗಾಡಿಯಲ್ಲಿಟ್ಟು ಬಂದೆ. ಮತ್ತೆ ಹೋಗಿ ಗೋಣಿ ಹೊತ್ತೆ, ಒರಳುಕಲ್ಲು ಹೊತ್ತೆ. ಕಲ್ಯಾಣಿ ಅಕ್ಕ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದಳು. ಊರು ಬಿಡುವವರ ಅಳು ಅದು. ನಮ್ಮ ಬಾಗಿಲಿನಿಂದ ನೋಡುವವರಿಗೆ ಬೇರೆ ಥರ ಕಾಣುತ್ತಿತ್ತು ಎಂಬುದು ನನಗೆ ಆಗಲೇ ಹೊಳೆಯಿತು. ನಾನು ಇನ್ನೊಂದು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಅವಳೆದುರು ನಿಂತೆ.

ವಾಪಸು ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು.

"ಹೇಳ್ದ್ಯಾ?"

"ಹ್ಞೂಂ," ಎಂದೆ.

ನನ್ನ ಮುಖವನ್ನು ನೋಡುತ್ತಾ ನಿಂತಳು. ಚಿಟಿಕೆ ಪುಡಿಯಲ್ಲಿ ಸೋಡಾ ಹಿಡಿದವಳು ಈ ಒಂದು ಅಕ್ಷರದಲ್ಲಿ ಏನನ್ನೂ ಹಿಡಿಯಲಿಲ್ಲ. ಹಿಡಿಯಬಾರದೆಂದು ಇದ್ದಳೋ ಏನೋ ಎಂದು ಕೆಲವೊಮ್ಮೆ ಸಮಾಧಾನ ಹುಡುಕುತ್ತೇನೆ, ಅದೂ ಬೇಡ. ಅವಳು ನಂಬಿದಳು. ಒಳಗೆ ಹೋಗಿ ನನ್ನ ಹಳೆಯ ಬಟ್ಟಲು ತೊಳೆದು, ಗಂಜಿ ಹಾಕಿ, ಹೀರೆಸಿಪ್ಪೆಯ ಚಟ್ನಿ ಇಟ್ಟು, ಅಪ್ಪಯ್ಯನ ಮಣೆಯ ಪಕ್ಕದಲ್ಲಿ ನನ್ನ ಮಣೆ ಹಾಕಿದಳು. ಎರಡು ವರ್ಷದ ಮೇಲೆ ತಿಂದ ಆ ಗಂಜಿ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ಹಿತವಾದೀತು. ಚೆನ್ನಾಗಿ ಇಳಿಯಿತು. ಎರಡು ಸಲ ಹಾಕಿಸಿಕೊಂಡೆ.

ಮುಂದೆ ಪೆರಂಬೂರಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಹೆಂಡತಿಯನ್ನು ಮನೆಗೆ ಕರೆತಂದೆ. ಮೊದಲ ದಿನ ಊಟಕ್ಕೆ ಕೂತಾಗ ಅಮ್ಮ ಹೊಸ ಸೊಸೆಗೆ ಬಡಿಸುತ್ತಾ ಹೇಳಿದಳು:

"ನನ್ ಮಗನಿಗೆ ಹಟ ಹೆಚ್ಚ್. ತಪ್ಪ್ ಮಾಡ್ತ, ಇಲ್ಲ ಅಂತ ನಾ ಹೇಳುದಿಲ್ಲ. ಆರೆ ಎದ್ರಿಗ್ ನಿಂತ್ ಒಪ್ಕಂಬ ಧೈರ್ಯ ಇತ್ತ್ ಅವ್ನಿಗೆ. ನಾ ಕಣ್ಣಾರೆ ಕಂಡಿದ್ದೆ."

ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ಹೊಸ ಮದುವಣಗಿತ್ತಿಯ ಆ ನೋಟದಲ್ಲಿ ಹೆಮ್ಮೆಯಿತ್ತು. ನಾನು ತಲೆ ಎತ್ತದೆ, ಇನ್ನೊಂದು ಸೌಟು ಹಾಕು ಎಂದು ಬಟ್ಟಲು ಮುಂದೆ ಮಾಡಿದೆ.